ಭಾನುವಾರ ಸಂಜೆ ಸೇರೋಣ: ರೂಪಾಯಿ ಯಾಕೆ ಇಳಿಯುತ್ತದೆ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ರಾಯಚೂರಿನಲ್ಲಿ ನಮ್ಮ ಮಾಮೂಲಿ ಚಹಾ ಅಂಗಡಿ ಪಕ್ಕದ ಕಟ್ಟೆಗೆ ಬನ್ನಿ. ಹತ್ತಿ ಬೆಳೆದವರು, ಗೊಬ್ಬರದ ಅಂಗಡಿಯವರು, ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸಿದವರು ತಪ್ಪಿಸಬೇಡಿ.

ಬರುವ ಮುಂಚೆ ಇಷ್ಟು ಓದಿಕೊಳ್ಳಿ. ರೂಪಾಯಿಯೂ ಸಂತೆಯ ಸರಕಿನ ಹಾಗೆಯೇ. ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ನಾವು ಹೊರಗಿನಿಂದ ತರುತ್ತೇವೆ. ಅದಕ್ಕೆ ಹೆಚ್ಚಾಗಿ ಡಾಲರ್ ಕೊಡಬೇಕು. ದೇಶ ಮಾರುವುದಕ್ಕಿಂತ ಕೊಳ್ಳುವುದು ಜಾಸ್ತಿಯಾದರೆ ಡಾಲರ್‌ಗೆ ಗಿರಾಕಿ ಹೆಚ್ಚು, ರೂಪಾಯಿಗೆ ಕಡಿಮೆ. ನಮ್ಮಲ್ಲಿ ಬೆಲೆಗಳು ಅಮೆರಿಕಕ್ಕಿಂತ ಬೇಗ ಏರಿದರೂ ಇದೇ ಕಥೆ. ಅಲ್ಲಿ ಬಡ್ಡಿ ಏರಿತೋ, ಹೂಡಿಕೆದಾರರು ದುಡ್ಡು ಆ ಕಡೆ ಒಯ್ಯುತ್ತಾರೆ. 1966ರ ಜೂನ್‌ನಲ್ಲಂತೂ ಸರ್ಕಾರವೇ ಡಾಲರ್ ದರವನ್ನು 4.76ರಿಂದ 7.50 ರೂಪಾಯಿಗೆ ಏರಿಸಿತ್ತು. 1991ರ ಜುಲೈನಲ್ಲಿ ಮತ್ತೆ ಎರಡು ಸಲ ರೂಪಾಯಿ ಬೆಲೆ ಇಳಿಸಿತು.

ರೂಪಾಯಿ ಇಳಿದರೆ ಹತ್ತಿ ರಫ್ತಿಗೆ ಲಾಭ ಅಂತೀರಾ? ಸರಿ, ಆದರೆ ಪೊಟ್ಯಾಷ್ ಗೊಬ್ಬರ ಹೆಚ್ಚುಕಡಿಮೆ ಪೂರ್ತಿ ಹೊರಗಿನದು, ಅದು ತುಟ್ಟಿ ಆಗುತ್ತದೆ ಅಲ್ವಾ? ನನಗಂತೂ ಲೆಕ್ಕ ಸಮ ಅನಿಸುವುದಿಲ್ಲ. ಜಗಳಕ್ಕೆ ತಯಾರಾಗಿ ಬನ್ನಿ.

ಹಳೆಯ ಗೊಬ್ಬರದ ಬಿಲ್ಲುಗಳಿದ್ದರೆ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ‘ಬರ್ತೀನಿ’ ಅಂತ ಹಾಕಿ. ಸುಮ್ನೆ ಹೆಬ್ಬೆರಳಿನ ಚಿತ್ರ ಒತ್ತಬೇಡಿ, ಚಹಾ ಲೆಕ್ಕ ತಪ್ಪುತ್ತದೆ.