ಹಾವು ಹಿಡಿಯುವ ಅಳಿಯನಿಗೆ

ಧಾರವಾಡ
ಆಷಾಢದ ಕೊನೆಯ ವಾರ

ಚಿರಂಜೀವಿ ಅಳಿಯನಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಹಿಡಿದ ಮೇಲೆ ನಿನ್ನ ಅತ್ತಿಯ ಮೊಣಕಾಲು ನೋವು ಸ್ವಲ್ಪ ಹೆಚ್ಚಾಗಿದೆ, ಅಷ್ಟೇ. ಕಳೆದ ರವಿವಾರ ರಾತ್ರಿ ನೀನು ಮೊಬೈಲಿಗೆ ಕಳಿಸಿದ ಉದ್ದನೆಯ ಸಂದೇಶವನ್ನು ಎರಡು ಸಲ ಓದಿದೆ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನೀನು ‘ಹೂಂ ಮಾವ, ಹೂಂ ಮಾವ’ ಎನ್ನುತ್ತಲೇ ಇನ್ನೊಂದು ಕರೆ ಬಂತೆಂದು ಇಟ್ಟುಬಿಡುತ್ತೀ. ಕಾಗದವಾದರೆ, ಓದಿ ಮುಗಿಸುವ ತನಕ ಯಾರ ಮನೆಗೂ ಹಾವು ಹೊಗುವುದಿಲ್ಲವೆಂಬ ನಂಬಿಕೆ ನನ್ನದು.

ಹಾವು ಹಿಡಿಯುವ ಸೇವೆ, ಆ ಹುಡುಗಿಯ ಮೇಲಿನ ಪ್ರೀತಿ, ಇವೆರಡನ್ನೂ ಒಟ್ಟಿಗೆ ನಿಭಾಯಿಸಲು ಆಗುತ್ತದೆಯೇ, ಆಗದಿದ್ದರೆ ಯಾವುದನ್ನು ಬಿಡಲಿ ಎಂದು ಕೇಳಿದ್ದೀ. ‘ನನಗೆ ಹೊತ್ತೇ ಸಾಲುತ್ತಿಲ್ಲ’ ಎಂದು ಮೂರು ಕಡೆ ಬರೆದಿದ್ದೀ. ಆ ಹೊತ್ತಿನ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಎಂದು ನನಗೆ ಅನಿಸಿತು. ಅದನ್ನು ತೋರಿಸಿಕೊಡುವುದಕ್ಕೇ ಈ ಕಾಗದ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ಕಡೆ ಸೋದರಮಾವನಾದವನು ಅಳಿಯನ ಪ್ರೀತಿಯ ವಿಷಯದಲ್ಲಿ ಬಾಯಿ ಹಾಕಿದನೆಂದರೆ ತನ್ನ ಮಗಳಿಗೆ ವರ ಹಿಡಿಯಲು ಬಂದನೆಂದೇ ಜನ ತಿಳಿಯುತ್ತಾರೆ. ನನ್ನ ಮಗಳು ಪುಣೆಯಲ್ಲಿ ತನ್ನ ನೌಕರಿಯಲ್ಲಿ ಸುಖವಾಗಿದ್ದಾಳೆ; ಹಲ್ಲಿ ಕಂಡರೂ ಮಂಚ ಹತ್ತುವವಳು ಅವಳು. ನಿನ್ನನ್ನು ಕಟ್ಟಿಕೊಳ್ಳುವ ಆಸೆ ಅವಳಿಗೆ ಕನಸಿನಲ್ಲೂ ಇಲ್ಲ. ಆದ್ದರಿಂದ ನಿರ್ಭಯವಾಗಿ ಓದು.

ನೀನು ಹಾವನ್ನು ಅದರ ಹೆಡೆಯ ಮುಂದೆ ನಿಂತು ಬಲ್ಲೆ. ನಾನು ಅದನ್ನು ಕಚ್ಚಿಸಿಕೊಂಡವರ ರಕ್ತದಲ್ಲಿ ಬಲ್ಲೆ. ನಿಮ್ಮ ಜಿಲ್ಲೆಯದೇ ಒಂದು ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಾನು ಸೇವೆ ಮುಗಿಸಿದವನು. ಮುಂಗಾರು ಬಿದ್ದು ಎರಿ ಹೊಲದ ಬಿರುಕುಗಳಲ್ಲಿ ನೀರು ನಿಂತಿತೆಂದರೆ ಅಲ್ಲಿದ್ದ ಹಾವು ಬದುವಿಗೆ, ಬಣವೆಗೆ, ಮನೆಯ ಹಿತ್ತಲಿಗೆ ಬರುತ್ತದೆ. ಹೆಸರುಕಾಯಿ ಬಿಡಿಸುವ ಕಾಲಕ್ಕೆ ಕೈಗೆ ಕಚ್ಚಿಸಿಕೊಂಡ ಹೆಣ್ಣುಮಕ್ಕಳು ಟ್ರ್ಯಾಕ್ಟರಿನಲ್ಲಿ ಬರಲು ಆರಂಭವಾಗುತ್ತದೆ. ಕಚ್ಚಿದ್ದು ಯಾವ ಹಾವೆಂದು ಕೇಳಿದರೆ ಹತ್ತು ಮಂದಿ ಹತ್ತು ಹೆಸರು ಹೇಳುತ್ತಾರೆ. ಆಗ ಮಾಡುವ ಪರೀಕ್ಷೆ ಬಹಳ ಸರಳವಾದದ್ದು. ಕಚ್ಚಿಸಿಕೊಂಡವರ ರಕ್ತವನ್ನು 2 ಮಿಲಿಲೀಟರಿನಷ್ಟು ತೆಗೆದು, ಒಣಗಿದ ಶುದ್ಧ ಗಾಜಿನ ಕೊಳವೆಯಲ್ಲಿ ಹಾಕಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿ, 20 ನಿಮಿಷ ಅದನ್ನು ಮುಟ್ಟದೆ ಬಿಡಬೇಕು. ಪ್ಲಾಸ್ಟಿಕ್ ಕೊಳವೆ ನಡೆಯುವುದಿಲ್ಲ. ಸಾಬೂನಿನಿಂದ ತೊಳೆದ ಗಾಜೂ ನಡೆಯುವುದಿಲ್ಲ, ಅದು ಸುಳ್ಳು ಹೇಳುತ್ತದೆ. 20 ನಿಮಿಷವಾದ ಮೇಲೆ ಕೊಳವೆಯನ್ನು ಒಮ್ಮೆ ಓರೆ ಮಾಡಬೇಕು. ರಕ್ತ ಮೊಸರಿನ ಹಾಗೆ ಗಟ್ಟಿಯಾಗಿ ನಿಂತಿದ್ದರೆ ಸ್ವಲ್ಪ ಉಸಿರು ಬಿಡಬಹುದು. ನೀರಿನ ಹಾಗೆ ಹರಿದು ಕೊಳವೆಯ ಬಾಯಿಗೆ ಬಂದರೆ ಕೊಳಕುಮಂಡಲವೋ ಗರಗಸ ಮಂಡಲವೋ ವಿಷ ಬಿಟ್ಟಿದೆ ಎಂದು ತಿಳಿದು ವೈದ್ಯರು ಪ್ರತಿವಿಷದ 10 ಬಾಟಲಿಗಳನ್ನು ಒಡೆಯುತ್ತಾರೆ. 6 ತಾಸಿನ ಮೇಲೆ ಮತ್ತೆ ಅದೇ ಪರೀಕ್ಷೆ.

ಈಗ ನನ್ನದೇ ಒಂದು ತಪ್ಪಿನ ಕತೆ ಕೇಳು. ಮಗಳು ಐದನೆಯ ಇಯತ್ತೆಯಲ್ಲಿದ್ದಾಗ ಪಂಚಮಿ ಹಬ್ಬಕ್ಕೆ ನಿನ್ನ ಅತ್ತಿಯನ್ನು ಹಾವೇರಿ ಕಡೆಯ ಅವಳ ತವರಿಗೆ ಕರೆದೊಯ್ಯಬೇಕಾಗಿತ್ತು. ಎಳ್ಳುಂಡಿ, ಶೇಂಗಾ ಉಂಡಿಗಳ ಡಬ್ಬಿ ಕಟ್ಟಿಕೊಂಡು ಮಗಳೊಂದಿಗೆ ಬಸ್ ನಿಲ್ದಾಣದಲ್ಲಿ ಕೂತಿರು, ನಾನು ಐದೂವರೆಗೆ ಆಸ್ಪತ್ರೆಯಿಂದ ನೇರವಾಗಿ ಬರುತ್ತೇನೆ ಎಂದಿದ್ದೆ. ನಾಲ್ಕೂವರೆಗೆ ಹೊಲದಿಂದ ಒಬ್ಬ ಹೆಣ್ಣುಮಗಳನ್ನು ತಂದರು. ಕೊಳವೆ ನಿಲ್ಲಿಸಿದೆ, 20 ನಿಮಿಷ ಕಾದೆ, ಓರೆ ಮಾಡಿದೆ, ಹರಿಯಿತು. ವೈದ್ಯರು ಔಷಧ ಹಚ್ಚಿದರು. ಐದೂಕಾಲಿಗೆ ನನ್ನ ಕೆಲಸ ಮುಗಿದಿತ್ತು; ರಾತ್ರಿಯ ಪರೀಕ್ಷೆಗೆ ಬರಬೇಕಾದ ಇನ್ನೊಬ್ಬ ತಂತ್ರಜ್ಞನಿಗೆ ಹೇಳಿಯೂ ಆಗಿತ್ತು. ಆದರೆ ನಾನು ಏಳಲಿಲ್ಲ. ಆಕೆಯ ಮನೆಯವರು ಚಹಾ ತರಿಸಿದರು, ‘ನೀವು ದೇವರಿದ್ದಂಗ ನೋಡ್ರಿ ಸರ್’ ಎಂದರು, ನಾನು ಕೊಳವೆಯ ವಿಷಯವನ್ನು ಮತ್ತೊಮ್ಮೆ, ಮಗದೊಮ್ಮೆ ವಿವರಿಸಿದೆ. ಬಸ್ ನಿಲ್ದಾಣ ಸೇರಿದಾಗ ಎಂಟು ಗಂಟೆ. ಕೊನೆಯ ಬಸ್ಸು ಹೋಗಿತ್ತು. ಮಗಳು ಡಬ್ಬಿಗೆ ಒರಗಿ ನಿದ್ದೆ ಹೋಗಿದ್ದಳು. ನಿನ್ನ ಅತ್ತಿ ಕೇಳಿದ್ದು ಎರಡೇ ಮಾತು. ‘ಆ ಹೆಣ್ಮಗಳು ಉಳದಳೇನು?’ ಎಂದಳು. ಉಳಿದಳು ಎಂದೆ. ‘ಚಹಾ ಎಷ್ಟು ಸಲ ಕುಡದ್ರಿ?’ ಎಂದಳು. ನಡುವೆ ಆಕೆ ಒಬ್ಬ ಹುಡುಗನನ್ನು ಆಸ್ಪತ್ರೆಗೆ ಕಳಿಸಿ ನೋಡಿಸಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು.

20 ನಿಮಿಷ ನನ್ನ ಕರ್ತವ್ಯ, ತಮ್ಮಾ. ಉಳಿದ ಹೊತ್ತು ನಾನು ಹೊಗಳಿಕೆಯ ರುಚಿಗೆ ಕೂತದ್ದು. ಮನೆಗೆ ಬಂದು ಎರಡನ್ನೂ ಸೇರಿಸಿ ‘ಡ್ಯೂಟಿ’ ಎಂದು ಒಂದೇ ಹೆಸರು ಹೇಳಿದೆ.

ಗದಗಿನ ಭೀಷ್ಮ ಕೆರೆಯ ನಿನ್ನ ಆ ಸಂಜೆಯನ್ನು ಇದೇ ಲೆಕ್ಕಕ್ಕೆ ಹಚ್ಚಿ ನೋಡು. ಆ ಹುಡುಗಿ ಐದು ಗಂಟೆಯಿಂದ ಕೆರೆಯ ದಂಡೆಯಲ್ಲಿ ಕಾದಳು. ನೀನು ಹೋದದ್ದು ಏಳೂಕಾಲಿಗೆ. ಮುಳಗುಂದ ರಸ್ತೆಯ ಹೊಲವೊಂದರ ಶೇಂಗಾ ಹೊಟ್ಟಿನ ಬಣವೆಯಲ್ಲಿ ಕೊಳಕುಮಂಡಲ ಇತ್ತೆಂದು ಬರೆದಿದ್ದೀ, ನಿಜವೇ. ನಿನ್ನ ಅವ್ವ ನನಗೆ ಆ ವಿಡಿಯೋ ಕಳಿಸಿದಳು. ಹಾವು ಕುಕ್ಕರಿನ ಸೀಟಿಯ ಹಾಗೆ ಬುಸುಗುಟ್ಟುವುದು ಅದರಲ್ಲಿ ಚೆನ್ನಾಗಿ ಕೇಳುತ್ತದೆ. ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಹಾವು ಚೀಲ ಸೇರಿತ್ತೆಂದು ನೀನೇ ಅದರಲ್ಲಿ ಹೇಳುತ್ತೀ. ಆಮೇಲೆ ಜನ ಕೂಡಿದರು. ಕಟ್ಟಿದ ಚೀಲವನ್ನು ಬಿಚ್ಚಿ, ಹಾವನ್ನು ಮತ್ತೆ ಹೊರಗೆ ತೆಗೆದು, ಬಾಲ ಹಿಡಿದು, ಭಾಷಣ ಮಾಡಿದೆ. ಎರಡನೆಯ ಸಲ ತೆಗೆದದ್ದು ಯಾರ ಜೀವ ಉಳಿಸುವುದಕ್ಕೆ? ಹಾವು ಹಿಡಿಯುವುದರಲ್ಲಿ ಕೇರಳದ ವಾವಾ ಸುರೇಶ್ ಎಷ್ಟು ಅನುಭವಸ್ಥರು ಎಂಬುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. 2022ರ ಜನವರಿಯಲ್ಲಿ ಜನರ ನಡುವೆ ನಾಗರಹಾವನ್ನು ಚೀಲಕ್ಕೆ ಇಳಿಸುವಾಗ ಅದು ಅವರ ತೊಡೆಗೆ ಕಚ್ಚಿತು, ಅವರು ಬದುಕಿ ಬಂದದ್ದು ಆಸ್ಪತ್ರೆಯ ಆರೈಕೆಯಿಂದ. ಅಂಥವರಿಗೇ ತಪ್ಪದ್ದು ನಿನ್ನ ಮೊಬೈಲ್ ಹಿಡಿದ ಗೆಳೆಯನ ಮುಂದೆ ನಿನಗೆ ತಪ್ಪುತ್ತದೆಯೇ?

ನಿನ್ನ ಕೆಲಸವನ್ನು ನಾನು ಹಗುರ ಮಾಡುತ್ತಿಲ್ಲ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ನೀನು ಒಂದು ಹಾವನ್ನು ಸರಿಯಾಗಿ ಹಿಡಿದು ಅರಣ್ಯ ಇಲಾಖೆಗೆ ತಿಳಿಸಿ ಬಿಟ್ಟರೆ ಒಂದು ಮನೆ ನಿಶ್ಚಿಂತೆಯಾಗಿ ಮಲಗುತ್ತದೆ, ಆ ಹಾವೂ ಬಡಿಗೆಯ ಏಟಿನಿಂದ ಉಳಿಯುತ್ತದೆ. ಇದನ್ನು ಬಿಡು ಎಂದು ನಾನು ಹೇಳಲಾರೆ, ನಿನ್ನ ಅವ್ವ ಎಷ್ಟೇ ಅತ್ತರೂ.

ಆದರೆ ಬರುವ ಕರೆಗಳೆಲ್ಲವೂ ಒಂದೇ ತೂಕದವಲ್ಲ. ದೂರದಿಂದ ಒಂದು ಫೋಟೋ ಕಳಿಸಿರಿ ಎಂದು ಕೇಳು. ಅಂಗಳ ದಾಟಿ ಹೊಲದ ಕಡೆ ಹೊರಟಿರುವ ಕೇರೆಹಾವಿಗೆ ನೀನು ಓಡಬೇಕಾಗಿಲ್ಲ. ಅದು ಇಲಿ ತಿಂದುಕೊಂಡು ತನ್ನ ಪಾಡಿಗೆ ಹೋಗುತ್ತದೆ ಎಂದು ಹೇಳಿದರೆ ಸಾಕು. ರಾತ್ರಿ, ಮಕ್ಕಳು ನೆಲದ ಮೇಲೆ ಮಲಗುವ ಮನೆಯಲ್ಲಿ ಕಟ್ಟುಹಾವು ಕಂಡಿದೆ ಎಂದರೆ ಊಟದ ತಾಟು ಬಿಟ್ಟು ಏಳು. ಅದು ಕಚ್ಚಿದ್ದೇ ಎಷ್ಟೋ ಸಲ ಗೊತ್ತಾಗುವುದಿಲ್ಲ, ಬಾವಿಲ್ಲ, ಉರಿಯಿಲ್ಲ, ಬೆಳಗಿನ ಜಾವ ಹೊಟ್ಟೆ ನೋವೆಂದು ಏಳುವ ಮಗುವಿನ ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಅಂಥ ಕರೆಗೆ ನೀನು ಹೋದರೆ ಯಾವ ಹುಡುಗಿಯೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಆಗ ನನಗೆ ಬರೆ, ಬೇರೆ ಸಲಹೆ ಕೊಡುತ್ತೇನೆ.

ಇನ್ನೊಂದು. ಈಗ ಗದಗು-ಬೆಟಗೇರಿಯಲ್ಲಿ ಹಾವು ಕಂಡರೆ ಎಲ್ಲರೂ ನಿನ್ನ ಒಂದೇ ನಂಬರಿಗೆ ಹಚ್ಚುತ್ತಾರೆ ಎಂದು ಹೆಮ್ಮೆಯಿಂದ ಬರೆದಿದ್ದೀ. ಆ ಹೆಮ್ಮೆ ನನಗೆ ಹಿಡಿಸಲಿಲ್ಲ. ನಿನಗೆ ಜ್ವರ ಬಂದ ದಿನ ಊರಿನ ಗತಿ ಏನು? ನಿನ್ನ ಜೊತೆ ತಿರುಗುವ ಆ ಇಬ್ಬರು ಹುಡುಗರಿಗೆ ವಿಡಿಯೋ ತೆಗೆಯುವ ಕೆಲಸ ಬಿಡಿಸಿ ಹಾವಿನ ಕೆಲಸ ಕಲಿಸು. ಕೇರಳದ ಅರಣ್ಯ ಇಲಾಖೆ 2020ರಿಂದ ತರಬೇತಿ ಕೊಟ್ಟು, ಪ್ರಮಾಣಪತ್ರ ಪಡೆದವರಿಗೆ ಮಾತ್ರ ಹಾವು ಹಿಡಿಯಲು ಬಿಡುತ್ತದೆ. ಅವರು ಕಲಿಸುವುದು ಕೊಕ್ಕೆ, ಕೊಳವೆ, ಚೀಲದ ವಿಧಾನ. ಚೀಲದ ಬಾಯಿಗೆ ಕೊಳವೆ ಕಟ್ಟಿಟ್ಟರೆ ಹಾವು ಕತ್ತಲನ್ನು ಹುಡುಕಿಕೊಂಡು ತಾನೇ ಒಳಗೆ ಹೋಗುತ್ತದೆ. ಕೈಯಿಂದ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ನೋಡಲು ಅದರಲ್ಲಿ ಏನೂ ಸ್ವಾರಸ್ಯವಿಲ್ಲ, ಆದ್ದರಿಂದ ಜನವೂ ಬೇಗ ಚದುರುತ್ತಾರೆ. ವಾರದಲ್ಲಿ ಎರಡು ಸಂಜೆ ಫೋನು ಆ ಹುಡುಗರಲ್ಲೊಬ್ಬನ ಕೈಯಲ್ಲಿರಲಿ.

ಇನ್ನು ಆ ಹುಡುಗಿಯ ವಿಷಯ. ನೀನು ಅವಳಿಗೆ ಮೊದಲ ಸಲ ಕೊಟ್ಟದ್ದು ನಾಗರಹಾವಿನ ಪೊರೆಯನ್ನಂತೆ, ಅದೂ ನೋಟ್‌ಬುಕ್ಕಿನಲ್ಲಿಟ್ಟು! ಇದನ್ನು ಕೇಳಿ ನಿನ್ನ ಅತ್ತಿ ಅರ್ಧ ತಾಸು ನಕ್ಕಳು. ಆದರೆ ಅವಳು ಅದನ್ನು ಎಸೆಯಲಿಲ್ಲ, ಇನ್ನೂ ಇಟ್ಟುಕೊಂಡಿದ್ದಾಳೆ ಎಂದು ನೀನೇ ಬರೆದಿದ್ದೀ. ಹಾಗಾದರೆ ಅವಳ ತಕರಾರು ಹಾವಿನ ಮೇಲಲ್ಲ. ನಿನ್ನ ಸಂದೇಶದಲ್ಲಿ ನೀನು ದಾಟಿಕೊಂಡು ಹೋದ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು: ‘ನಿನಗ ಕಚ್ಚಿದ್ರ ನನಗ ಯಾರು ಹೇಳ್ತಾರ?’ ಎಂದು ಅವಳು ಕೇಳಿದಳು, ನೀನು ನಕ್ಕು ‘ನನಗೆ ಕಚ್ಚುವ ಹಾವು ಇನ್ನೂ ಹುಟ್ಟಿಲ್ಲ’ ಎಂದೆ. ಎರಡು ತಾಸು ಕೆರೆಯ ದಂಡೆಯಲ್ಲಿ ಅವಳು ಇದೊಂದನ್ನೇ ಎಣಿಸುತ್ತ ಕೂತಿದ್ದಾಳು. ಬದುಕಿದ್ದೀಯೆಂದು ಅವಳಿಗೆ ತಿಳಿದದ್ದು ನಿನ್ನ ಸ್ಟೇಟಸ್ಸಿನಿಂದ. ಅವಳ ಸಿಟ್ಟು ನ್ಯಾಯವಾದದ್ದು, ನೀನು ಕ್ಷಮೆ ಕೇಳಲೇಬೇಕು. ಕೇಳುವಾಗ ಆ ಕೊಳಕುಮಂಡಲದ ಉದ್ದ ಎಷ್ಟಿತ್ತೆಂದು ಹೇಳುವುದಕ್ಕೆ ಹೋಗಬೇಡ.

ಕ್ಷಮೆ ಕೇಳಿದ ಮೇಲೆ ಅವಳ ಪ್ರಶ್ನೆಗೆ ಉತ್ತರ ಕೊಡು, ಅದೂ ಬರವಣಿಗೆಯಲ್ಲಿ. ಒಂದು ಹಾಳೆ ತೆಗೆದುಕೊಂಡು, ಜೊತೆಗೆ ಬರುವ ಇಬ್ಬರ ಹೆಸರು, ನಂಬರು ಬರೆ. 108ಕ್ಕೆ ಯಾರು ಫೋನು ಮಾಡುವುದು, ಯಾವ ಆಸ್ಪತ್ರೆಗೆ ಒಯ್ಯುವುದು ಎಂದು ಬರೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದರೆ ಡಯಾಲಿಸಿಸ್ ಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಬೇಡ. ಬಹಳ ಕಾಲ ಹಾವಿನ ಒಡನಾಟವಿದ್ದ ಕೆಲವರಿಗೆ ವಿಷವೇ ಅಲರ್ಜಿಯಾಗುವುದುಂಟು. ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುವುದರಿಂದ ಅದೂ ಕೆಲವರ ಮೈಗೆ ಒಗ್ಗುವುದಿಲ್ಲ. ಹಿಂದೆ ನಿನಗೆ ಔಷಧದಿಂದ ಮೈಮೇಲೆ ದದ್ದು ಎದ್ದಿದ್ದರೆ ಅದನ್ನೂ ಬರೆ. ಇನ್ನು ಮುಂದೆ ಹೊರಡುವಾಗ ಯಾವ ಊರು, ಯಾವ ಹಾವು ಎಂದು ಅವಳಿಗೆ ಒಂದು ಸಾಲು. ಚೀಲ ಕಟ್ಟಿದೊಡನೆ ಇನ್ನೊಂದು ಸಾಲು. ಇದಿಷ್ಟನ್ನೂ ಓದಿ ‘ಇಷ್ಟು ಅಂಜಿಕೆಯ ಬಾಳು ನನ್ನಿಂದ ಆಗದು’ ಎಂದು ಅವಳು ಹೇಳಿದರೆ, ಅದು ಅವಳ ಹಕ್ಕು. ವಾದ ಹೂಡಬೇಡ, ಅವಳ ಗೆಳತಿಯರ ಮೂಲಕ ಹೇಳಿಸಬೇಡ, ಹೊತ್ತಲ್ಲದ ಹೊತ್ತಿನಲ್ಲಿ ಅವರ ಓಣಿಯಲ್ಲಿ ಬೈಕು ತಿರುಗಿಸಬೇಡ. ನನ್ನ ಹತ್ತಿರ ಧಾರವಾಡಕ್ಕೆ ಬಾ, ನಾಲ್ಕು ದಿನ ಇದ್ದು ಹೋಗುವಿಯಂತೆ.

ಬೋರಿನ ಕೆಲಸದಲ್ಲಿ ಉಳಿದಿದ್ದ 4 ಇಂಚಿನ ಪಿವಿಸಿ ಪೈಪಿನಲ್ಲಿ ಮೂರು ಅಡಿ ಕೊಯ್ಸಿ, ಅಂಚು ಉಜ್ಜಿಸಿ, ಕಪ್ಪು ಬಟ್ಟೆಯ ಎರಡು ಚೀಲಗಳೊಂದಿಗೆ ಬುಧವಾರದ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ. ಚೀಲ ಹೊಲಿದವಳು ನಿನ್ನ ಅತ್ತಿ. ಜೋಡಿ ಹೊಲಿಗೆ ಹಾಕಿದ್ದಾಳೆ. ಪಂಚಮಿಗೆ ಉಂಡಿಯನ್ನೂ ಆಕೆಯೇ ಕಳಿಸುವವಳಿದ್ದಾಳೆ, ಒಂದು ಡಬ್ಬಿ ನಿಮ್ಮ ಮನೆಗೆ, ಇನ್ನೊಂದು ಯಾರಿಗೆ ಕೊಡಬೇಕೆಂದು ನಿನಗೇ ಗೊತ್ತು.

ಆ ಹಾಳೆಯ ಒಂದು ಪ್ರತಿ ನನಗೂ ಬರಲಿ. ಅದರಲ್ಲಿ ರಕ್ತದ ಗುಂಪು ಬರೆಯುವಾಗ ಊಹೆಯಿಂದ ಬರೆಯಬೇಡ. ನಿನ್ನದು ಬಿ ಪಾಸಿಟಿವ್. ನೀನು ಹುಟ್ಟಿದ ವಾರ ನಾನೇ ನೋಡಿದ್ದೆ.

ಇಂತು ನಿನ್ನ
ಸೋದರಮಾವ