ಸ್ಟೇರಿಂಗ್ ಬೆಣ್ಣೆ ಥರ ಇದ್ರೆ ಸಾಕಾ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್‌ನಲ್ಲಿ ಹಳೇ ಕಾರು ತಗೊಳ್ಳೋರಿಗೆ ಅಂತ ಬಂದ ಬರಹ ಓದಿದೆ. ಎಲ್ಲಾ ಸರಿ, ಆದ್ರೆ ಸ್ಟೇರಿಂಗ್ ಒಂದು ಬೆರಳಲ್ಲಿ ತಿರುಗಿದ್ರೆ ಗಾಡಿ ಕಂಡೀಷನ್ ಚೆನ್ನಾಗಿದೆ ಅಂತ ಬರೆದಿದ್ದಾರಲ್ಲ, ಅದನ್ನ ಒಪ್ಪೋಕಾಗಲ್ಲ.

ನಮ್ಮನೇಲಿರೋದು 2011ರ ಸಣ್ಣ ಕಾರು, ಮೋಟರ್ ಸಹಾಯದಿಂದ ತಿರುಗೋ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್‌ದು. ದಾವಣಗೆರೆ ಒಳಗೆ ಓಡಿಸೋವಾಗ ಬೆಣ್ಣೆ ಥರ. ಬೆಂಗಳೂರಿಗೆ ಹೊರಟಾಗ ಗೊತ್ತಾಯ್ತು ನೋಡಿ, ಚಿತ್ರದುರ್ಗದ ಹತ್ರ ಗುಡ್ಡದ ಮೇಲೆ ಗಾಳಿ ಫ್ಯಾನುಗಳಿದಾವಲ್ಲ, ಅಲ್ಲಿ ಅಡ್ಡಗಾಳಿ ಹೊಡೆದಾಗ ಸ್ಟೇರಿಂಗ್ ಕೈಯಲ್ಲಿದೆಯೋ ಇಲ್ವೋ ಅನ್ನೋದೇ ತಿಳಿಯಲ್ಲ, ಒಂಚೂರು ಎಡಕ್ಕೆ ಅಂದ್ರೆ ಜಾಸ್ತಿ ಹೋಗುತ್ತೆ, ಮತ್ತೆ ಬಲಕ್ಕೆ ಎಳೀಬೇಕು, ಹೀಗೇ ಹಾವು ಹರಿದಂಗೆ. ಹಿಂದೆ ಕೂತಿದ್ದ ಸೊಸೆ "ನಿದ್ದೆ ಬರ್ತಿದ್ರೆ ಗಾಡಿ ಸೈಡಿಗೆ ಹಾಕಿ" ಅಂತ ಮಗನಿಗೆ ಬೈದಳು.

ಮಗ ನನಗೆ ಹೇಳದೇ ಒಂದು ಗ್ಯಾರೇಜಿಗೆ ಬಿಟ್ಟ. ಅವರು ಸ್ಟೇರಿಂಗ್ ರ್ಯಾಕಿನ (ಚಕ್ರಗಳನ್ನ ಎಡ-ಬಲಕ್ಕೆ ತಿರುಗಿಸೋ ಹಲ್ಲಿನ ಸರಳು) ಅಡ್ಜಸ್ಟಿಂಗ್ ನಟ್ ಬಿಗಿ ಮಾಡಿ, ಟೈಟ್ ಆಯ್ತು ತಗೊಳ್ಳಿ ಅಂತ ಕೊಟ್ರು. ಟೈಟ್ ಏನೋ ಆಯ್ತು, ಆದ್ರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ವಾಪಸ್ಸೇ ಬರಲ್ಲ, ತಿರುಗಿಸಿದ ಕಡೆಗೇ ನಿಂತ್ಕೊಳ್ಳುತ್ತೆ! ನಾನು ಮೂವತ್ತು ವರ್ಷ ಬಸ್ ಡಿಪೋದಲ್ಲಿ ಸ್ಪ್ಯಾನರ್ ಹಿಡಿದವನು, ಪವರ್ ಸ್ಟೇರಿಂಗ್ ಇಲ್ಲದ ಕಾಲದಲ್ಲಿ ಡ್ರೈವರ್‌ಗಳು ಸೀಟಿಂದ ಎದ್ದು ನಿಂತು ತಿರುಗಿಸೋದು ನೋಡಿದವನು. ಆ ನಟ್ ಇರೋದು ರ್ಯಾಕು, ಅದನ್ನ ಸರಿಸೋ ಸಣ್ಣ ಗಿಯರ್ ಪಿನಿಯನ್, ಇವೆರಡರ ಹಲ್ಲುಗಳ ನಡುವೆ ಇರೋ ಸಡಿಲ ತೆಗೆಯೋಕೆ, ಸ್ಟೇರಿಂಗ್‌ಗೆ ಭಾರ ಕೊಡೋಕಲ್ಲ. ಪುಣ್ಯಕ್ಕೆ ಮೊದಲು ಎಲ್ಲಿತ್ತು ಅನ್ನೋ ಗುರುತು ನಟ್ ಸುತ್ತ ಕೂತಿದ್ದ ಮಣ್ಣಲ್ಲಿ ಇನ್ನೂ ಕಾಣ್ತಿತ್ತು, ಅಲ್ಲಿಗೇ ವಾಪಸ್ ತಿರುಗಿಸಿದೆ. ಇನ್ನೊಬ್ಬ ಮಹಾನುಭಾವ ಪವರ್ ಸ್ಟೇರಿಂಗ್ ಫ್ಯೂಸೇ ಕಿತ್ತಾಕಿ ಅಂದ. ಹಂಗೆ ಮಾಡಿದ್ರೆ ಸತ್ತ ಮೋಟರನ್ನೂ ನಾವೇ ತಿರುಗಿಸ್ಬೇಕು, ಮ್ಯಾನುಯಲ್ ಸ್ಟೇರಿಂಗ್‌ಗಿಂತ ಕಷ್ಟ.

ಆಮೇಲೆ ಟೈರಿಗೆ ನನ್ನ ಗಾಳಿ ಅಳೆಯೋ ಗೇಜ್ ಇಟ್ಟೆ. ಡ್ರೈವರ್ ಬಾಗಿಲ ಹತ್ರ ಸ್ಟಿಕ್ಕರ್‌ನಲ್ಲಿ 30 ಪಿಎಸ್‌ಐ ಅಂತಿದೆ, ಮುಂದಿನ ಎರಡೂ ಟೈರಲ್ಲಿ 41! ಬಂಕ್ ಹುಡುಗರಿಗೆ ಯಾವ ಕಾರು ಬಂದ್ರೂ ಒಂದೇ ಲೆಕ್ಕ, 35 ಹೊಡೀತಾರೆ, ಆ ಮೀಟರ್ ತೋರಿಸೋ 35 ನಿಜಕ್ಕೂ ಎಷ್ಟೋ ದೇವರಿಗೇ ಗೊತ್ತು. ಗಾಳಿ ಜಾಸ್ತಿ ಆದ್ರೆ ಟೈರು ನೆಲ ಮುಟ್ಟೋ ಜಾಗ ಕಮ್ಮಿ ಆಗುತ್ತೆ, ಸ್ಟೇರಿಂಗ್ ಹಗುರ ಆಗುತ್ತೆ. ಬೆಳಿಗ್ಗೆ ಟೈರು ತಣ್ಣಗಿರೋವಾಗ 30ಕ್ಕೆ ಇಳಿಸಿದೆ, ಅರ್ಧ ಸರಿಹೋಯ್ತು.

ಇನ್ನರ್ಧ ಗಾಡಿ ಅಡಿಗಿತ್ತು. ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ರಾಡ್ ಹಾಕಿ ಮೀಟಿದ್ರೆ, ಚಕ್ರವನ್ನ ಗಾಡಿಗೆ ಹಿಡಿದಿಡೋ ಲೋಯರ್ ಆರ್ಮ್‌ನ ಹಿಂದಿನ ಬುಷ್ (ಕೀಲಿನ ಮೆತ್ತೆ) ರಬ್ಬರ್ ಬಾಯಿ ಬಿಟ್ಕೊಂಡಿದೆ. ಸೈಕಲ್ ಮುಂದಿನ ಫೋರ್ಕ್ ಓರೆಯಾಗಿರುತ್ತಲ್ಲ, ಕೈಬಿಟ್ಟು ಓಡಿಸಿದ್ರೂ ನೆಟ್ಟಗೆ ಹೋಗೋದಕ್ಕೆ ಅದೂ ಒಂದು ಕಾರಣ. ಕಾರಲ್ಲೂ ಆ ಓರೆ ಇರುತ್ತೆ, ಕ್ಯಾಸ್ಟರ್ ಅಂತಾರೆ. ಬುಷ್ ಹೋದ್ರೆ ಚಕ್ರ ಹಿಂದಕ್ಕೆ ಸರಿದು ಕ್ಯಾಸ್ಟರ್ ಕಮ್ಮಿ ಆಗುತ್ತೆ, ಸ್ಟೇರಿಂಗ್ ತಾನಾಗೇ ನೆಟ್ಟಗಾಗೋ ಗುಣ ಕಳ್ಕೊಳ್ಳುತ್ತೆ. ತಮಾಷೆ ಅಂದ್ರೆ ಹಳೇ ವೀಲ್ ಅಲೈನ್‌ಮೆಂಟ್ ರಿಪೋರ್ಟ್ ಎರಡು ಡ್ಯಾಶ್‌ಬೋರ್ಡ್‌ನಲ್ಲೇ ಬಿದ್ದಿತ್ತು, ಎರಡರಲ್ಲೂ ಕ್ಯಾಸ್ಟರ್ ಕೆಂಪಲ್ಲೇ, ಅಂದ್ರೆ ಮಿತಿಯಿಂದ ಹೊರಗಿದೆ ಅಂತ, ಪ್ರಿಂಟ್ ಆಗಿದೆ. ಅಂಗಡಿಯವರು ಟೋ (ಮೇಲಿಂದ ನೋಡಿದ್ರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರೋದು) ಮಾತ್ರ ಸರಿಮಾಡಿ ದುಡ್ಡು ತಗೊಂಡು ಕಳಿಸಿದ್ದಾರೆ. ಬಹಳಷ್ಟು ಸಣ್ಣ ಕಾರಲ್ಲಿ ಕ್ಯಾಸ್ಟರ್ ಅಡ್ಜಸ್ಟ್ ಮಾಡೋಕೆ ಅವಕಾಶವೇ ಇಲ್ಲ ನಿಜ, ಆದ್ರೆ ಕೆಂಪು ಬಂತು ಅಂದ್ರೆ ಏನೋ ಸವೆದಿದೆ ಇಲ್ಲಾ ಬೆಂಡಾಗಿದೆ ಅಂತ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ? ಎರಡೂ ಕಡೆ ಬುಷ್ ಹಾಕ್ಸಿ ಮತ್ತೆ ಅಲೈನ್‌ಮೆಂಟ್ ಮಾಡ್ಸಿದೆ.

ಸ್ಪೀಡೋಮೀಟರ್ ಮುಳ್ಳು ಆಗಾಗ ಸೊನ್ನೆಗೆ ಬೀಳ್ತಿದ್ರೆ ಮಾತ್ರ ಮೊದಲು ಸ್ಪೀಡ್ ಸೆನ್ಸರ್ ನೋಡ್ಸಿ, ಯಾಕಂದ್ರೆ ವೇಗ ಜಾಸ್ತಿ ಆದಂಗೆ ಮೋಟರ್ ಸಹಾಯ ಕಮ್ಮಿ ಮಾಡ್ಬೇಕು ಅಂತ ಕಂಟ್ರೋಲರ್‌ಗೆ ತಿಳಿಯೋದು ಆ ಸಿಗ್ನಲ್ಲಿಂದ. ನಮ್ಮದರಲ್ಲಿ ಸ್ಕ್ಯಾನರ್ ಹಾಕ್ಸಿದ್ರೆ ಏನೂ ದೋಷದ ಕೋಡ್ ಬರ್ಲಿಲ್ಲ.

ಈಗ್ಲೂ ಸ್ವಲ್ಪ ಹಗುರವೇ ಇದೆ, ಕಂಪನಿ ಸೆಟ್ಟಿಂಗೇ ಹಂಗೆ, ಅದಕ್ಕೆ ನನ್ನ ಹತ್ರ ಮದ್ದಿಲ್ಲ. ಆದ್ರೆ ಹಾವಾಟ ನಿಂತಿದೆ.

ಬಂಕಲ್ಲಿ ಪೆಟ್ರೋಲ್ ಮೇಲೆ ಅನುಮಾನ ಬಂದ್ರೆ ಐದು ಲೀಟರ್ ಅಳತೆ ಕ್ಯಾನ್ ತರ್ಸಿ ನೋಡ್ತೀವಿ, ಗಾಳಿ ಮೀಟರ್ ಸರಿ ಇದೆಯಾ ಅಂತ ಯಾರೂ ಕೇಳಲ್ಲ, ಇದರ ಬಗ್ಗೆ ನಿಮ್ಮ ವರದಿಗಾರರು ಒಂದು ಸುತ್ತು ಹಾಕಿ ಬರೀಲಿ. ಆ ಲೇಖಕರಿಗೂ ಹೇಳಿ, ಖಾಲಿ ರೋಡಲ್ಲಿ ನಿಧಾನಕ್ಕೆ ಒಂದು ತಿರುವು ತಗೊಂಡು ಹಿಡಿತ ಸಡಿಲ ಮಾಡಿದ್ರೆ ಸ್ಟೇರಿಂಗ್ ತಾನಾಗೇ ನೆಟ್ಟಗೆ ಬರುತ್ತಾ ನೋಡಿ ಕಾರು ತಗೊಳ್ಳಿ ಅಂತ ಮುಂದಿನ ಸಲ ಸೇರಿಸಲಿ.

ಇಂತಿ,
ಒಬ್ಬ ನಿವೃತ್ತ ಮೆಕ್ಯಾನಿಕ್, ದಾವಣಗೆರೆ