ಹಪ್ಪಳದ ಲೆಕ್ಕದಲ್ಲಿ ಬಿಟ್ಟುಹೋದ ಸಾಲು

ಶಿರಸಿ

ಪ್ರೀತಿಯ ಕೂಸೇ,

ಮೊನ್ನೆ ಫೋನಿನಲ್ಲಿ ನೀನು, "ಬಂಡವಾಳ ಏನೂ ಬೇಡ ಅಪ್ಪ, ಐದು ಸಾವಿರ ಸಾಕು. ಮಿಕ್ಸರ್ ಇದೆ, ಗ್ಯಾಸ್ ಇದೆ, ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುತ್ತೇನೆ" ಎಂದೆ. ನಾನು "ಹೂಂ" ಎಂದು ಫೋನಿಟ್ಟೆ. ನಿನಗೆ ಬೇಸರವಾಯಿತೆಂದು ಆಯಿ ಹೇಳಿದಳು. ಬೇಡವೆನ್ನುವ ಹೂಂ ಅಲ್ಲ ಅದು. ಮೂವತ್ತು ವರ್ಷ ಸೊಸೈಟಿಯಲ್ಲಿ ರೋಕಡಿ ಪುಸ್ತಕ ಬರೆದವನಿಗೆ ಬಾಯಿಲೆಕ್ಕ ಬರುವುದಿಲ್ಲ, ಕಾಗದವೇ ಬೇಕು.

ಅಟ್ಟದಿಂದ ಹಳೆಯ ನೋಟುಪುಸ್ತಕವೊಂದನ್ನು ಇಳಿಸಿದ್ದೇನೆ. 2014ರ ಬೇಸಿಗೆಯದು. ನೀನು ಪಿಯುಸಿ ಪರೀಕ್ಷೆ ಮುಗಿಸಿ ಬಂದು, ಅಂಗಳದಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತಾ ಕುಳಿತಿದ್ದ ವರ್ಷ. ಆಯಿಯ ಕೆಲಸ ಮಾತ್ರ ನಿನ್ನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ. ಬೆಳೆದ ಹಲಸಿನಕಾಯಿಯನ್ನು ಒಡೆದು, ಕೈಗೆ ಎಣ್ಣೆ ಸವರಿಕೊಂಡು ಮೇಣ ಬಿಡಿಸಿ, ಸೊಳೆ ಬೇರೆ ಬೇಳೆ ಬೇರೆ ಮಾಡಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ರುಬ್ಬಿ, ಉಪ್ಪು ಖಾರ ಜೀರಿಗೆ ಕಲಸಿ, ಉಂಡೆ ಕಟ್ಟಿ, ಒಂದೊಂದಾಗಿ ಒತ್ತಿ, ಚಾಪೆಯ ಮೇಲೆ ಹರವುವುದು. ಸಂಜೆ ಒಳಗೆ ತರುವುದು. ಮರುದಿನ ಅದನ್ನೇ ತಿರುವಿ ಹಾಕುತ್ತಾ ಹೊಸ ಕಾಯಿ ಒಡೆಯುವುದು. ಸೊಂಟ ಹಿಡಿದುಕೊಂಡರೂ ಬಿಸಿಲಿದ್ದ ದಿನ ರಜೆಯಿಲ್ಲ.

ಆ ವರ್ಷ ಮಾರಿದ್ದು 50 ಹಪ್ಪಳದ 80 ಕಟ್ಟು. ಕಟ್ಟಿಗೆ 90 ರೂಪಾಯಿಯಂತೆ ಜಮಾ 7,200. ಖರ್ಚು: ಮೆಣಸು, ಜೀರಿಗೆ, ಉಪ್ಪು, ಎಣ್ಣೆ, ಪ್ಲಾಸ್ಟಿಕ್ ಚೀಲ, ಪೇಟೆಗೆ ಹೋಗಿಬರುವ ಬಸ್ಸು, ಎಲ್ಲ ಸೇರಿ 2,150. ಹಲಸು, ಸೌದೆ ಮನೆಯವೇ. ಕೆಳಗೆ ಎರಡು ಗೆರೆ ಎಳೆದು ನಾನು ಠೀವಿಯಿಂದ ಬರೆದಿದ್ದೇನೆ: "ನಿವ್ವಳ ಲಾಭ 5,050."

ನಿನ್ನ ಫೋನು ಬಂದ ರಾತ್ರಿ ಆ ಗೆರೆಯನ್ನೇ ನೋಡುತ್ತಾ ಕುಳಿತೆ. ಆಯಿ ದುಡಿದದ್ದು 32 ದಿನ. ಭಾಗಿಸಿದರೆ ದಿನಕ್ಕೆ 157 ರೂಪಾಯಿ ಚಿಲ್ಲರೆ. ಅದೇ ವರ್ಷ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಣ್ಣಾಳಿಗೆ ನಾನು ಕೊಡುತ್ತಿದ್ದುದು 200, ಮೇಲೆ ಚಹಾ. ಬಸ್ಸಿನ ಟಿಕೆಟ್ಟನ್ನೂ ಬಿಡದೆ ಬರೆದ ಗುಮಾಸ್ತ, ಹೆಂಡತಿಯ ಕೂಲಿಯ ಸಾಲನ್ನು ಬಿಟ್ಟುಬಿಟ್ಟಿದ್ದ. ಬರೆದಿದ್ದರೆ ಅಲ್ಲಿ ಲಾಭವೇ ಇರುತ್ತಿರಲಿಲ್ಲ.

ಬಂಡವಾಳ ಕಡಿಮೆ ಎಂದು ಹೇಳುವಾಗ ನೀನೂ ಅದೇ ಸಾಲನ್ನು ಬಿಡುತ್ತಿದ್ದೀಯೇನೋ ಎಂಬುದು ನನ್ನ ಅನುಮಾನ. ನೀನು ಹೇಳಿದ ಅಂಕಿಗಳನ್ನೇ ಇಟ್ಟುಕೊಂಡಿದ್ದೇನೆ. ಕಾಲು ಕಿಲೋ ಪೊಟ್ಟಣಕ್ಕೆ ಶೇಂಗಾ, ಕೊಬ್ಬರಿ, ಮೆಣಸು ಇತ್ಯಾದಿ 55, ಚೀಲ ಮತ್ತು ಚೀಟಿಗೆ 8, ಗ್ಯಾಸು ಮತ್ತು ಕರೆಂಟಿಗೆ 7. ಒಟ್ಟು 70. ಮಾರುವುದು 90ಕ್ಕೆ, ಇಪ್ಪತ್ತು ಉಳಿಯಿತು ಎಂದೆ. ಆದರೆ ನಾಲ್ಕು ಕಿಲೋ ಪುಡಿಗೆ ನಾಲ್ಕು ಗಂಟೆ ಬೇಕೆಂದೂ ನೀನೇ ಹೇಳಿದೆ. ಗಂಟೆಗೆ ಬರೀ 60 ಹಿಡಿದರೂ 240 ರೂಪಾಯಿ. 16 ಪೊಟ್ಟಣಕ್ಕೆ ಹಂಚಿದರೆ ತಲಾ 15. ಅಲ್ಲಿಗೆ ಅಸಲೇ 85. ಕೆಳಗಿನ ಅಂಗಡಿಯವರು ನೂರಕ್ಕೆ ಇಪ್ಪತ್ತು ಕೇಳುತ್ತಾರಂತಲ್ಲ, ಆಗ ನಿನ್ನ ಕೈಗೆ ಬರುವುದು 72. ಪೊಟ್ಟಣಕ್ಕೆ 13 ರೂಪಾಯಿ ಕೈಯಿಂದ ಹಾಕಿ ಊರಿಗೆಲ್ಲ ಚಟ್ನಿಪುಡಿ ಉಣಿಸಿದ ಪುಣ್ಯ ಬರುತ್ತದೆ, ಅಷ್ಟೇ. ಬೆಲೆ ಏರಿಸು, ಇಲ್ಲವೇ ಅಂಗಡಿ ಬಿಟ್ಟು ನಿಮ್ಮ ಅಪಾರ್ಟ್‌ಮೆಂಟಿನ ಮನೆಗಳಿಗೆ ನೇರವಾಗಿ ಕೊಡು.

ಲಿಜ್ಜತ್ ಹಪ್ಪಳದ ಕಥೆಯನ್ನು ನೀನೂ ಎತ್ತಿದೆಯಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಮಹಡಿಯ ಮೇಲೆ ಹಪ್ಪಳ ಲಟ್ಟಿಸಿದರು, ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಬೇರೆ. ಅಲ್ಲಿ ಲಟ್ಟಿಸಿದವರಿಗೆ ಲಟ್ಟಿಸಿದ ಕೂಲಿ ಮೊದಲು. ಲಾಭ ಹಂಚುವುದು ಆಮೇಲಿನ ಮಾತು. ಇನ್ನೊಂದು, ಮೊದಲ ವರ್ಷ ಮಳೆಯಿಂದಾಗಿ ನಾಲ್ಕು ತಿಂಗಳು ಕೆಲಸವೇ ನಿಂತಿತ್ತು. ಮರುವರ್ಷ ಅವರು ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೌ. ನಮ್ಮ ಮಲೆನಾಡಿನ ಮಳೆಯಲ್ಲಿ ಕುಳಿತು ನನಗೆ ಅದು ಹೊಳೆಯಲಿಲ್ಲವಲ್ಲ!

ಉದ್ರಿ ಕೊಡಬೇಡ. ಪೇಟೆಯ ಅಂಗಡಿಯೊಂದು ನಮ್ಮಿಂದ 30 ಕಟ್ಟು ಉದ್ರಿಗೆ ಒಯ್ದು, ಜುಲೈಯಲ್ಲಿ ಬೂಷ್ಟು ಹಿಡಿದ 11 ಕಟ್ಟು ವಾಪಸು ಕೊಟ್ಟಿತ್ತು. ಅವೆಲ್ಲ ಕೊಟ್ಟಿಗೆಯ ಗೊಬ್ಬರಗುಂಡಿಗೆ ಹೋದವು. ಮೇಲಿನ 80ರಲ್ಲಿ ಅವು ಸೇರಿಲ್ಲ, ನೋಡು.

ತಿನ್ನುವ ವಸ್ತು ಮಾರುವುದರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇಬೇಕು, ಮನೆಯಲ್ಲಿ ಮಾಡಿದರೂ ಸರಿ. ನಾವು ಮಾಡಿಸಿದಾಗ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕವಿತ್ತು. ಅದರ 14 ಅಂಕಿಗಳ ಸಂಖ್ಯೆಯನ್ನು ಚೀಟಿಯ ಮೇಲೆ ಹಾಕಬೇಕು. ಜೊತೆಗೆ ಏನೇನು ಹಾಕಿದ್ದೀಯ, ತೂಕ, ಬೆಲೆ, ಮಾಡಿದ ದಿನ, ಎಷ್ಟು ದಿನ ಚೆನ್ನಾಗಿರುತ್ತದೆ, ವಿಳಾಸ, ಸಸ್ಯಾಹಾರದ ಹಸಿರು ಚುಕ್ಕೆ. ಶೇಂಗಾ ಇದೆ ಎಂಬುದನ್ನು ಎದ್ದು ಕಾಣುವಂತೆ ಬರೆ, ಕೆಲವರಿಗೆ ಅದು ಆಗುವುದಿಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಇಲ್ಲ. ಎರಡು ಸಾವಿರ ಕೊಡಿ, ಮಾಡಿಸಿಕೊಡುತ್ತೇವೆ ಎನ್ನುವವರಿಗೆ ಕೈಮುಗಿದು ಕಳಿಸು.

ಐದು ಸಾವಿರವನ್ನು ನಾನು ಹಾಕುತ್ತೇನೆ. ಸಾಲವೆಂದೇ ಬರೆದುಕೋ. ಮೊದಲ ತಿಂಗಳು ಹತ್ತು ಕಿಲೋ ದಾಟಬೇಡ. ಪುಡಿ ಒಂದೇ ಬಗೆಯದಿರಲಿ.

ಇಷ್ಟು ಬರೆದು ಆಯಿಯ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು. ಕೂಲಿಯ ವಿಷಯಕ್ಕೆ ಏನಾದರೂ ಅನ್ನುತ್ತಾಳೆಂದು ಕಾದೆ. "32 ಅಲ್ಲ, 34 ದಿನ. ಮೋಡ ಹಾಕಿದ್ದ ಆ ಎರಡು ದಿನ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ್ದೆ" ಎಂದು ಹೇಳಿ ಒಳಗೆ ಹೋದಳು.

ನೋಟುಪುಸ್ತಕದಲ್ಲಿ ತಿದ್ದಿದ್ದೇನೆ. ಪತ್ರದಲ್ಲಿ ನೀನೇ ತಿದ್ದಿಕೊಂಡು ಭಾಗಿಸಿಕೋ.

ನಿನ್ನ
ಅಪ್ಪ